ಗೊತ್ತಿದ್ದ ಸೋಲಿಗೆ ಎರಡು ಮೆಣಸಿನಕಾಯಿ

ದಾವಣಗೆರೆಗೆ ಬಂದವರನ್ನೆಲ್ಲ ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗುವುದು ನಮ್ಮ ಊರಿನ ಸಂಪ್ರದಾಯ. ಬಂದವರು ಅಳಿಯನಾದರಂತೂ ಕೇಳುವುದೇ ಬೇಡ. ಆದರೆ ಫುಟ್‌ಬಾಲ್ ನೋಡುತ್ತ ಬೆಣ್ಣೆ ದೋಸೆ ತಿನ್ನಲಾಗದು, ಇದು ನನ್ನ ಅನುಭವದ ಮಾತು. ದೋಸೆ ಕಣ್ಣನ್ನು ಬೇಡುತ್ತದೆ. ಬೆಣ್ಣೆ ಆರುವ ಮೊದಲು ಮುರಿಯಬೇಕು, ಆಲೂಗಡ್ಡೆ ಪಲ್ಯ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಬೇಕು, ಚಟ್ನಿ ಮುಗಿದರೆ ಮಾಣಿಯನ್ನು ಹುಡುಕಬೇಕು. ಅಷ್ಟರಲ್ಲಿ ಗೋಲಾಗಿರುತ್ತದೆ. ಮಂಡಕ್ಕಿಗೆ ಈ ಯಾವ ಉಪದ್ರವವೂ ಇಲ್ಲ. ಕಣ್ಣನ್ನು ಪರದೆಯ ಮೇಲೆ ನೆಟ್ಟು ಕೈಯನ್ನು ಕಾಗದದ ಮೇಲೆ ಬಿಟ್ಟರೆ ಸಾಕು, ಕೈ ತಾನಾಗಿ ಬಾಯಿಯ ದಾರಿ ಹಿಡಿಯುತ್ತದೆ. ಆದ್ದರಿಂದ ಈ ಸಲ ಭದ್ರಾವತಿಯಿಂದ ಅಳಿಯ ಬಂದಾಗ ನಾನು ಅವರನ್ನು ದೋಸೆ ಹೋಟೆಲಿಗೆ ಕರೆದೊಯ್ಯದೆ ಮಂಡಕ್ಕಿ ಅಂಗಡಿಗೆ ಕರೆದೊಯ್ದೆ. ಮಗಳು ಮುಖ ಗಂಟು ಹಾಕಿಕೊಂಡಳು. ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಆ ಅಂಗಡಿಯ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗೆ ಬೋರ್ಡು ಇಲ್ಲ. ಹಳೇ ಊರಿನ ಕಡೆ, ಮಂಡಿಪೇಟೆಯಿಂದ ನಡೆದೇ ಹೋಗಬಹುದಾದ ಒಂದು ಗಲ್ಲಿಯಲ್ಲಿದೆ. ಹೋಗುವವರು ಅದನ್ನು ‘ಪರದೆ ಅಂಗಡಿ’ ಎನ್ನುತ್ತಾರೆ. ಮುಂದೆ ಒಲೆ, ಬಾಣಲೆ, ಮಂಡಕ್ಕಿಯ ಚೀಲಗಳು. ಹಿಂದೆ ಒಂದು ಉದ್ದನೆಯ ತಗಡಿನ ಶೆಡ್ಡು, ಅದರ ಕೊನೆಯ ಗೋಡೆಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆಯ ಪರದೆ. ಪ್ರತಿ ಭಾನುವಾರ ಸಂಜೆ ಆರೂವರೆಗೆ ಆ ಪರದೆಯ ಮೇಲೆ ಒಂದು ಹಳೆಯ ಫುಟ್‌ಬಾಲ್ ಪಂದ್ಯ. ಟಿಕೆಟ್ ಇಲ್ಲ, ಆದರೆ ತಲೆಗೊಂದು ಪ್ಲೇಟ್ ಮಂಡಕ್ಕಿ ತೆಗೆದುಕೊಳ್ಳಲೇಬೇಕು.

ಹಳೆಯದೇ ಏಕೆ ಎಂದು ಮೊದಲ ದಿನವೇ ಕೇಳಿದೆ. ಮಾಲೀಕ ಕೊಟ್ಟ ಉತ್ತರ ನ್ಯಾಯವಾಗಿತ್ತು. ದಕ್ಷಿಣ ಅಮೆರಿಕದವರು ಆಡುವ ಹೊತ್ತಿಗೂ ನಾವು ಮಂಡಕ್ಕಿ ತಿನ್ನುವ ಹೊತ್ತಿಗೂ ಹೊಂದಿಕೆಯಿಲ್ಲ. 2025ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ 4-1ರಿಂದ ಬ್ರೆಜಿಲ್ ತಂಡವನ್ನು ಸದೆಬಡಿದ ಅರ್ಹತಾ ಪಂದ್ಯ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಐದೂವರೆಗೆ ಆರಂಭವಾಗಿತ್ತು. ಆ ಹೊತ್ತಿನಲ್ಲಿ ಬಾಣಲೆಗೆ ಎಣ್ಣೆ ಸುರಿಯುವವರು ಯಾರು? ಇನ್ನು ಮಧ್ಯರಾತ್ರಿಯ ಪಂದ್ಯಗಳಿಗೆ ಅಂಗಡಿ ತೆರೆದಿಟ್ಟರೆ ಬೀಟ್ ಪೊಲೀಸರು ಬಂದು ಲಾಠಿಯಿಂದ ಶಟರ್ ಬಡಿಯುತ್ತಾರೆ. ವಿಶ್ವಕಪ್ ಪಂದ್ಯಗಳನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿ ನೋಡಿ ಸವೆಸಿಬಿಟ್ಟಿದ್ದಾರೆ. ಹೀಗಾಗಿ ಅವರು ಆರಿಸಿಕೊಂಡದ್ದು ಸೌಹಾರ್ದ ಪಂದ್ಯಗಳನ್ನು, ಅದರಲ್ಲೂ ಹಗೆತನವಿರುವ ದೇಶಗಳ ನಡುವಿನವನ್ನು.

ಹಗೆತನವಿದ್ದರೆ ಸೌಹಾರ್ದ ಎಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಾರೆ. ಬೀಗರ ಊಟಕ್ಕೆ ಹೋದವರು ಕೇಳುವುದಿಲ್ಲ. ಬೀಗರ ಊಟದಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಎಲೆಗೆ ಕೈ ಅಡ್ಡ ಹಿಡಿದವರನ್ನೂ ಒತ್ತಾಯಿಸುತ್ತಾರೆ. ಆದರೆ ತುಪ್ಪ ಯಾವ ಪಂಕ್ತಿಗೆ ಮೊದಲು ಬಂತು, ಯಾರಿಗೆ ಎಷ್ಟು ಬೆಲೆಯ ಸೀರೆ ಉಡಿಸಿದರು ಎಂಬ ಲೆಕ್ಕ ಇಪ್ಪತ್ತು ವರ್ಷ ಉಳಿಯುತ್ತದೆ. ಅರ್ಜೆಂಟೀನಾ ಮತ್ತು ಬ್ರೆಜಿಲ್ ಹೀಗೆ ಬೀಗರ ಊಟ ಉಣ್ಣಲು ಆರಂಭಿಸಿದ್ದು 1914ರಲ್ಲಿ. ಆ ಲೆಕ್ಕ ಇನ್ನೂ ತೀರಿಲ್ಲ.

ನಾನು ಅಡಿಕೆ ಮಂಡಿಯೊಂದರಲ್ಲಿ 31 ವರ್ಷ ಲೆಕ್ಕ ಬರೆದ ಗುಮಾಸ್ತ. ಬ್ರೆಜಿಲ್ ಕಡೆಯವನು. 1994ರ ಜುಲೈನಲ್ಲಿ ನಮ್ಮ ಸಾಹುಕಾರರ ಮನೆಯ ಟಿವಿಯ ಮುಂದೆ ನೆಲದ ಮೇಲೆ ಕುಳಿತು, ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಇಟಲಿಯ ಬಾಜಿಯೊ ಪೆನಾಲ್ಟಿಯನ್ನು ಅಡ್ಡಕಂಬದ ಮೇಲಿಂದ ಹಾರಿಸಿದ್ದನ್ನು ನೋಡಿದ ರಾತ್ರಿ ಈ ರೋಗ ಅಂಟಿಕೊಂಡಿತು. ಅಳಿಯ ಅರ್ಜೆಂಟೀನಾದವರು. ಸಂಬಂಧ ನೋಡಲು ಬಂದ ದಿನ ಇದನ್ನು ಹೇಳಿರಲಿಲ್ಲ. ಮದುವೆಯಾದ ಮೇಲೆ ಗೊತ್ತಾಯಿತು. ಅವರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಬರಿಗಾಲಿನಲ್ಲಿ ಚೆಂಡು ಒದ್ದವರಂತೆ. ನಮ್ಮ ಊರನ್ನು ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರಲ್ಲ, ಮ್ಯಾಂಚೆಸ್ಟರಿನಿಂದ ನಮಗೆ ಮಗ್ಗ ಬಂತೇ ಹೊರತು ಚೆಂಡು ಬರಲಿಲ್ಲ. ಇದನ್ನು ಅಳಿಯ ವರ್ಷಕ್ಕೆರಡು ಸಲ ನೆನಪಿಸುತ್ತಾರೆ, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ.

ಮೊದಲು ತಿಂಡಿಯ ವಿಷಯ. ನಮ್ಮಲ್ಲಿ ಮಂಡಕ್ಕಿಯ ಜೊತೆ ‘ಮೆಣಸಿನಕಾಯಿ’ ಎಂದರೆ ಬಜ್ಜಿ ಎಂದೇ ಅರ್ಥ, ಬಿಡಿಸಿ ಹೇಳುವ ಅಗತ್ಯವಿಲ್ಲ. ಇಲ್ಲಿನ ಮೆಣಸಿನಕಾಯಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಾಣಲೆಯ ಮುಂದೆ ಕೂರುವವರು ಮಾಲೀಕನ ಹೆಂಡತಿ. ಉದ್ದನೆಯ, ತಿಳಿ ಹಸಿರಿನ, ತೊಟ್ಟು ಮುರಿಯದ ಕಾಯಿಗಳನ್ನೇ ಆರಿಸಿ, ಸೀಳಿ, ಬೀಜವನ್ನು ಅರ್ಧ ತೆಗೆದು ಅರ್ಧ ಬಿಡುತ್ತಾರೆ. ಪೂರ್ತಿ ತೆಗೆದರೆ ಅದು ಮಕ್ಕಳ ತಿಂಡಿ, ಪೂರ್ತಿ ಬಿಟ್ಟರೆ ಶಿಕ್ಷೆ. ಕಡಲೆ ಹಿಟ್ಟಿನಲ್ಲಿ ಓಮದ ವಾಸನೆ ಇದೆ, ಸೋಡಾದ ವಾಸನೆ ಇಲ್ಲ. ಹಿಟ್ಟು ಕಾಯಿಯನ್ನು ತೆಳ್ಳಗೆ ತಬ್ಬಿಕೊಂಡಿರುತ್ತದೆ. ಕಚ್ಚಿದಾಗ ಹಿಟ್ಟು ಒಂದು ಕಡೆ, ಕಾಯಿ ಒಂದು ಕಡೆ ಆಗುವುದಿಲ್ಲ. ಒಂದಕ್ಕೆ 8 ರೂಪಾಯಿ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುತ್ತಾರೆಯೇ ಎಂದು ನಾನು ಎರಡು ಸಲ ಬಾಣಲೆಯೊಳಗೆ ಇಣುಕಿದೆ. ಎರಡನೆಯ ಸಲ ಆಕೆ, “ಏನಣ್ಣ, ಮುಖ ಕಾಣಿಸುತ್ತಿದೆಯಾ?” ಎಂದರು. ಕಾಣಿಸುತ್ತಿತ್ತು. ಎಣ್ಣೆ ಅಷ್ಟು ತಿಳಿಯಾಗಿತ್ತು.

ನರ್ಗಿಸ್ ಮಂಡಕ್ಕಿ 35 ರೂಪಾಯಿ, ಒಗ್ಗರಣೆ ಮಂಡಕ್ಕಿ 30. ಮಂಡಕ್ಕಿ ಊರಿನ ಭಟ್ಟಿಗಳಿಂದಲೇ ಬರುತ್ತದೆ, ಚೀಲ ಬಿಚ್ಚಿದಾಗ ಹೊಗೆಯ ಸಣ್ಣ ವಾಸನೆ ಇನ್ನೂ ಇರುತ್ತದೆ. ನರ್ಗಿಸ್‌ಗೆ ಹುರಿಗಡಲೆ ಹಿಟ್ಟನ್ನು ಧಾರಾಳವಾಗಿ ಹಾಕುತ್ತಾರೆ, ಈರುಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಹೆಚ್ಚುತ್ತಾರೆ, ಗರಿಗರಿ ಕೊನೆಯ ಹಿಡಿಯವರೆಗೂ ಉಳಿಯುತ್ತದೆ. ಒಗ್ಗರಣೆಯ ವಿಷಯದಲ್ಲಿ ನನಗೆ ತಕರಾರಿದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಹುಳಿ ಸಾಲದು, ಎರಡನೆಯ ಅರ್ಧದ ಹೊತ್ತಿಗೆ ತಣ್ಣಗಾಗಿ ಗಂಟುಗಂಟಾಗುತ್ತದೆ. ತೊಂಬತ್ತು ನಿಮಿಷದ ಪಂದ್ಯಕ್ಕೆ ನರ್ಗಿಸ್ ತೆಗೆದುಕೊಳ್ಳಿ. ಚಹಾ 12 ರೂಪಾಯಿ, ಶುಂಠಿಯ ಹೆಸರಿನಲ್ಲಿ ಸಕ್ಕರೆ ಕುಡಿಸುತ್ತಾರೆ. ಅದರ ಬಗ್ಗೆ ಇಷ್ಟು ಸಾಕು.

ಆ ಭಾನುವಾರದ ಪಂದ್ಯ 2012ರ ಜೂನ್ 9ರದು. ಅಮೆರಿಕದ ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣ, 81,994 ಜನ, ಅರ್ಜೆಂಟೀನಾ 4, ಬ್ರೆಜಿಲ್ 3. ಫಲಿತಾಂಶವನ್ನು ಮೊದಲೇ ಬರೆದುಬಿಟ್ಟೆ ಎಂದು ಬೇಸರಿಸಬೇಡಿ. ಶೆಡ್ಡಿನಲ್ಲಿದ್ದ ನಲವತ್ತು ಮಂದಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅರ್ಧ ಗಂಟೆ ಮೊದಲೇ ಬಂದು ಜಾಗ ಹಿಡಿದಿದ್ದರು. ಎಡಗಡೆಯ ಬೆಂಚುಗಳು ಅರ್ಜೆಂಟೀನಾದವರಿಗೆ, ಬಲಗಡೆಯವು ನಮಗೆ. ಅಳಿಯ ಎಡಕ್ಕೆ ಹೋಗದೆ ಮರ್ಯಾದೆಗೆಂದು ನನ್ನ ಪಕ್ಕದಲ್ಲೇ ಕುಳಿತರು. ಇಂಥ ಮರ್ಯಾದೆಯಿಂದ ಎಷ್ಟು ಕಷ್ಟ ಎಂಬುದು ಮಾವನಾದವನಿಗೆ ಮಾತ್ರ ಗೊತ್ತು.

ಗೊತ್ತಿಲ್ಲದವರು ಒಬ್ಬರೇ ಇದ್ದರು. ಪರದೆಗೆ ತೀರ ಹತ್ತಿರ, ಹತ್ತಿಯ ದಿಂಬು ಹಾಕಿದ ಕುರ್ಚಿಯಲ್ಲಿ ಒಬ್ಬ ಅಜ್ಜ. ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎಂಬತ್ತರ ಆಸುಪಾಸು, ಬಿಳಿ ಪಂಚೆ, ತಲೆಗೆ ಟವೆಲ್. ಕುಳಿತ ಕೂಡಲೇ ಹಿಂದಕ್ಕೆ ತಿರುಗಿ, “ಇವತ್ತು ಯಾರು ಯಾರಪ್ಪ?” ಎಂದು ಕೇಳಿದರು. ಹೇಳಿದೆವು. “ಅರಿಶಿನದ ಅಂಗಿಯವರು ಗೆಲ್ಲುತ್ತಾರೆ. ಎರಡು ಮೆಣಸಿನಕಾಯಿ ಬಾಜಿ. ಕಟ್ಟುವವರು ಇದ್ದೀರಾ?” ಎಂದರು. ಇಡೀ ಶೆಡ್ಡು ತಗಡಿನ ಕಡೆಗೆ ನೋಡತೊಡಗಿತು. ವಯಸ್ಸಾದವರಿಗೆ ಮೋಸ ಮಾಡಬಾರದೆಂಬ ಸಂಕೋಚ ನಮ್ಮ ಊರಿನವರಿಗೆ ಇನ್ನೂ ಇದೆಯಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಗ ನನ್ನ ಪಕ್ಕದಿಂದ, “ನಾನು ಕಟ್ಟುತ್ತೇನೆ ಅಜ್ಜ” ಎಂಬ ಧ್ವನಿ ಕೇಳಿಸಿತು. ಅಳಿಯ!

ಹೆಣ್ಣು ಕೊಟ್ಟ ಮನೆಯವನು ನಾಲ್ಕು ಜನರ ಎದುರು ಬಾಯಿ ತೆರೆಯುವಂತಿಲ್ಲ. ಸುಮ್ಮನೆ ನರ್ಗಿಸ್ ಮಂಡಕ್ಕಿ ತಿಂದೆ.

ಪರದೆಯ ಬಗ್ಗೆ ಹೇಳಬೇಕು. ಎರಡು ಪನ್ನಾ ಬಟ್ಟೆಯನ್ನು ಸೇರಿಸಿ ಹೊಲಿದದ್ದು, ಹೊಲಿಗೆ ಸರಿಯಾಗಿ ನಡುವೆ ಬರುತ್ತದೆ. ಮೈದಾನದ ಮಧ್ಯಗೆರೆ ಒಂದು, ಅಜ್ಜಿಯ ಕೌದಿಯಂತೆ ಈ ಹೊಲಿಗೆ ಇನ್ನೊಂದು. ಚೆಂಡು ಹೊಲಿಗೆಯನ್ನು ದಾಟುವಾಗ ಒಂದು ಕ್ಷಣ ಮುರಿದು ಮತ್ತೆ ಕೂಡಿಕೊಳ್ಳುತ್ತದೆ. ಆಫ್‌ಸೈಡ್ ವಿಷಯಕ್ಕೆ ಇಲ್ಲಿ ಜಗಳವಾಡುವವರು ಮೊದಲು ಹೊಲಿಗೆಯನ್ನು ಲೆಕ್ಕದಿಂದ ತೆಗೆಯಬೇಕು. ಚಿತ್ರ ಸ್ವಲ್ಪ ಹಳದಿಗೆ ತಿರುಗಿದೆ, ಅದು ನಮ್ಮ ತಂಡಕ್ಕೆ ಅನುಕೂಲ. ಧ್ವನಿ ಮಾತ್ರ ಜೋರು. ವೀಕ್ಷಕ ವಿವರಣೆ ಸ್ಪ್ಯಾನಿಷ್ ಭಾಷೆಯಲ್ಲಿತ್ತು. ಯಾರಿಗೂ ಒಂದಕ್ಷರ ಅರ್ಥವಾಗದ ಕಾರಣ ಯಾರೂ ಅದನ್ನು ಒಪ್ಪದಿರುವ ಪ್ರಶ್ನೆಯೇ ಬರಲಿಲ್ಲ.

23ನೇ ನಿಮಿಷಕ್ಕೆ ರೊಮುಲೊ ಬ್ರೆಜಿಲ್‌ಗೆ ಮೊದಲ ಗೋಲು ತಂದರು. ಅಜ್ಜ ಟವೆಲ್ ಬೀಸಿದರು. 31ಕ್ಕೆ ಮೆಸ್ಸಿ, 34ಕ್ಕೆ ಮತ್ತೆ ಮೆಸ್ಸಿ. ಅಳಿಯ ಚಪ್ಪಾಳೆ ತಟ್ಟಲು ಕೈ ಎತ್ತಿ, ನನ್ನ ಮುಖ ನೋಡಿ, ಆ ಕೈಯಲ್ಲಿ ಮೆಣಸಿನಕಾಯಿ ಎತ್ತಿಕೊಂಡರು. ವಿರಾಮದ ನಂತರ 56ನೇ ನಿಮಿಷಕ್ಕೆ ಆಸ್ಕರ್ ಸಮ ಮಾಡಿದರು. 72ಕ್ಕೆ ಹಲ್ಕ್ ಬಲವಾಗಿ ನುಗ್ಗಿ ಮೂರನೆಯದನ್ನು ಹೊಡೆದರು. ಆಗ ಬಲಗಡೆಯ ಬೆಂಚುಗಳು ಎದ್ದ ರೀತಿಯನ್ನು ನೋಡಬೇಕಿತ್ತು. ಹದಿಮೂರು ನಿಮಿಷಗಳಲ್ಲಿ ಸೋಲುತ್ತೇವೆಂದು ನಮಗೆ ಗೊತ್ತು, ಗಡಿಯಾರದ ಸಮೇತ ಗೊತ್ತು. ಆದರೂ ನಾನು ಎದ್ದು ನಿಂತು ಪಕ್ಕದವನ ಭುಜ ಹಿಡಿದು ಅಲುಗಾಡಿಸಿದೆ. ಅವನು ವೆಲ್ಡಿಂಗ್ ಅಂಗಡಿಯವನಂತೆ, ನನಗೆ ಪರಿಚಯವಿಲ್ಲ. ನೇರ ಪ್ರಸಾರದಲ್ಲಿ ಗೋಲಾದಾಗ ಮುಂದೇನಾಗುವುದೋ ಎಂಬ ಭಯದಲ್ಲಿ ಸಂತೋಷ ಅರ್ಧಂಬರ್ಧ ಸಿಗುತ್ತದೆ. ಇಲ್ಲಿ ಆ ಭಯವಿಲ್ಲ, ಆಗಬೇಕಾದದ್ದು ಆಗಿಹೋಗಿದೆ. ಸಿಕ್ಕ ಮೂರು ನಾಲ್ಕು ನಿಮಿಷದ ಮುನ್ನಡೆಯನ್ನು ಬೆಲ್ಲದ ಚೂರಿನಂತೆ ನಾಲಗೆಯ ಅಡಿಯಲ್ಲಿ ಇಟ್ಟುಕೊಂಡು ಕರಗಿಸಬಹುದು. ಈ ಅಂಗಡಿಗೆ ನಾನು ಮತ್ತೆ ಹೋಗುವುದಾದರೆ ಇದಕ್ಕೇ ಹೋಗುತ್ತೇನೆ.

ಫೆಡೆರಿಕೊ ಫರ್ನಾಂಡಿಸ್ ತಲೆಯಿಂದ ಹೊಡೆದು 3-3 ಮಾಡಿದರು. ಸ್ಪ್ಯಾನಿಷ್ ಮನುಷ್ಯ ಇನ್ನೂ ಗೋಲು ಎಂಬ ಪದವನ್ನು ಎಳೆಯುತ್ತಿದ್ದ, ಕರೆಂಟ್ ಹೋಯಿತು.

ಇದು ಅಂಗಡಿಯ ದೊಡ್ಡ ದೋಷ. ಇನ್ವರ್ಟರ್ ಇದೆ, ಆದರೆ ಅದಕ್ಕೆ ಒಂದು ಬಲ್ಬು ಮತ್ತು ಒಂದು ಫ್ಯಾನು ತಿರುಗಿಸುವಷ್ಟು ಮಾತ್ರ ಶಕ್ತಿ. ಪ್ರೊಜೆಕ್ಟರ್ ಹಳೆಯದು, ಬಿಸಿಯಾದ ದೀಪ ತಣ್ಣಗಾಗದೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಇತ್ತು. ಮೆಡಿಕಲ್ ಓದುವ ಹುಡುಗರು ಅದರಲ್ಲೇ ನೋಡೋಣ ಎಂದರು. ಮಾಲೀಕ ಮುಚ್ಚಳ ಮುಚ್ಚಿ ಕಂಕುಳಲ್ಲಿಟ್ಟುಕೊಂಡು, “ಅಜ್ಜನಿಗೆ ಇಷ್ಟು ಸಣ್ಣದು ಕಾಣಿಸುವುದಿಲ್ಲ. ಎಲ್ಲರೂ ಕಾಯಬೇಕು” ಎಂದ. ಕಾದೆವು. ಆ ಇಪ್ಪತ್ತು ನಿಮಿಷ, ಒಂದೇ ಬಲ್ಬಿನ ಬೆಳಕಿನಲ್ಲಿ, ಪಂದ್ಯಕ್ಕಿಂತ ಬಿಸಿಯಾದ ಚರ್ಚೆ ನಡೆಯಿತು.

ಶುರು ಮಾಡಿದ್ದು ವೆಲ್ಡಿಂಗ್ ಅಂಗಡಿಯವನೇ. ಇದು ಒಂದು ಸೋಲೇ ಅಲ್ಲ ಎಂಬುದು ಅವನ ವಾದ. ಬ್ರೆಜಿಲ್ ಕಳಿಸಿದ್ದು ಲಂಡನ್ ಒಲಿಂಪಿಕ್ಸ್‌ಗೆಂದು ಸಿದ್ಧಪಡಿಸುತ್ತಿದ್ದ ಎಳೆಯರ ತಂಡ, ಅರ್ಜೆಂಟೀನಾ ಇಳಿಸಿದ್ದು ಬಲಿತವರನ್ನು. ಎಡಗಡೆಯಿಂದ ಒಬ್ಬ ಹುಡುಗ ಥಟ್ಟನೆ, “ಆ ಎಳೆಯರು ಒಲಿಂಪಿಕ್ಸ್ ಫೈನಲ್‌ನಲ್ಲಿ ಮೆಕ್ಸಿಕೊಗೆ 2-1ರಿಂದ ಸೋತರಲ್ಲ, ಅಲ್ಲಿ ಎದುರಿಗಿದ್ದವರೂ ಎಳೆಯರೇ ಅಲ್ಲವೇ ಅಣ್ಣ?” ಎಂದ. ವೆಲ್ಡಿಂಗ್‌ನವನು ಮಾತು ತಿರುಗಿಸಿ ಚಹಾ ಕೇಳಿದ.

ಕೇರಳದಿಂದ ಬಂದ ಇಬ್ಬರು ಮೆಡಿಕಲ್ ವಿದ್ಯಾರ್ಥಿಗಳಿದ್ದರು, ಒಂದೇ ಕೋಣೆಯವರು, ಒಬ್ಬ ಬ್ರೆಜಿಲ್‌ನ ಹಳದಿ, ಒಬ್ಬ ಅರ್ಜೆಂಟೀನಾದ ನೀಲಿ. 2022ರ ವಿಶ್ವಕಪ್ ಹೊತ್ತಿಗೆ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ಮಧ್ಯೆ ಮೆಸ್ಸಿಯ ಕಟೌಟ್ ನಿಲ್ಲಿಸಿದರು, ಅದನ್ನು ನೋಡಿ ಬ್ರೆಜಿಲ್‌ನವರು ಅದಕ್ಕಿಂತ ಎತ್ತರದ ನೇಮರ್ ನಿಲ್ಲಿಸಿದರು ಎಂದು ಹೇಳಿ ನಗಿಸಿದರು. ನಾವು ರಾಜಕಾರಣಿಗಳಿಗೆ ಮಾತ್ರ ಕಟೌಟ್ ನಿಲ್ಲಿಸುವ ಊರಿನವರು, ಕೇಳಿ ಸ್ವಲ್ಪ ನಾಚಿಕೆಯಾಯಿತು. ಅವರಲ್ಲಿ ನೀಲಿಯವನು ಲೆಕ್ಕದಲ್ಲಿ ಚುರುಕು. ಫಿಫಾ ರ‍್ಯಾಂಕಿಂಗ್‌ನ ಆ ಕಾಲದ ಸೂತ್ರದಲ್ಲಿ ವಿಶ್ವಕಪ್ ಪಂದ್ಯಕ್ಕೆ 4ರ ತೂಕವಿದ್ದರೆ ಸೌಹಾರ್ದ ಪಂದ್ಯಕ್ಕೆ 1, ಈಗಿನ ಸೂತ್ರದಲ್ಲಿ ವಿಶ್ವಕಪ್‌ನ ಕೊನೆಯ ಹಂತಗಳಿಗೆ 60 ಇದ್ದರೆ ಸೌಹಾರ್ದಕ್ಕೆ 5 ಅಥವಾ 10 ಎಂದು ಬೆರಳು ಮಡಚಿ ತೋರಿಸಿದ. ಅಂಥ ಅಗ್ಗದ ಪಂದ್ಯದಲ್ಲಿ ಕೊನೆಯ ಗಳಿಗೆಯಲ್ಲಿ ಬ್ರೆಜಿಲ್‌ನ ಮಾರ್ಸೆಲೊ ಮತ್ತು ಅರ್ಜೆಂಟೀನಾದ ಲಾವೆಸ್ಸಿ ಇಬ್ಬರೂ ಕೈಕೈ ಮಿಲಾಯಿಸಿ ಕೆಂಪು ಕಾರ್ಡ್ ತಿಂದದ್ದು ಏಕೆ ಎಂದು ಹಳದಿಯವನು ಕೇಳಿದ. ತೂಕ 1 ಇರುವ ವಸ್ತುವಿಗೆ ಯಾರು ಹೊಡೆದಾಡುತ್ತಾರೆ? ಸರಿಯಾದ ಪ್ರಶ್ನೆ. ಮಂಡಿಯಲ್ಲಿ ನಾನು ನೋಡಿದ ದೊಡ್ಡ ಜಗಳಗಳೆಲ್ಲ ಲಾರಿ ಲೋಡಿನ ಮೇಲಲ್ಲ, ಚೀಲದಿಂದ ಸೋರಿದ ಒಂದು ಸೇರು ಅಡಿಕೆಯ ಮೇಲೆ ಆಗಿದ್ದವು.

ನಾನೂ ಒಂದು ಮಾತು ಸೇರಿಸಿದೆ. ಪೆಲೆ ಬ್ರೆಜಿಲ್ ಅಂಗಿ ಮೊದಲು ತೊಟ್ಟದ್ದು ವಿಶ್ವಕಪ್‌ನಲ್ಲಲ್ಲ. 1957ರ ಜುಲೈನಲ್ಲಿ, ಮರಕಾನಾದಲ್ಲಿ, ಇದೇ ಅರ್ಜೆಂಟೀನಾ ವಿರುದ್ಧ, ಎರಡು ದೇಶಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ರೋಕಾ ಕಪ್ ಪಂದ್ಯದಲ್ಲಿ. ಆಗ ಅವರಿಗೆ 16 ವರ್ಷ, ಒಂದು ಗೋಲೂ ಹೊಡೆದರು. “ಗೆದ್ದವರು ಯಾರು ಮಾವ?” ಎಂದು ಅಳಿಯ ಬಹಳ ವಿನಯದಿಂದ ಕೇಳಿದರು. ಅರ್ಜೆಂಟೀನಾ 2-1. ಗೊತ್ತಿದ್ದೇ ಕೇಳಿದ್ದು. ಆದರೂ ನಾನು ಬಿಡಲಿಲ್ಲ. ನಿಮ್ಮ ಮೆಸ್ಸಿ ಅರ್ಜೆಂಟೀನಾಗೆ ಮೊದಲ ಹ್ಯಾಟ್ರಿಕ್ ಹೊಡೆದದ್ದು ಇದೇ 2012ರ ಫೆಬ್ರುವರಿಯಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ, ಅದೂ ಸೌಹಾರ್ದ ಪಂದ್ಯವೇ ತಾನೇ ಎಂದೆ. “ಹೌದು ಮಾವ” ಎಂದರು. ಒಪ್ಪಿಕೊಂಡವರ ಜೊತೆ ಜಗಳ ಮುಂದುವರಿಸುವುದು ಕಷ್ಟ.

ಆಗ ಹಿಂದಿನ ಬೆಂಚಿನಿಂದ ಯಾರೋ, ಕರೆಂಟ್ ಬರದಿದ್ದರೆ ಈ ಪಂದ್ಯದ ಗತಿಯೇನು ಎಂದರು. ಅದಕ್ಕೂ ಇತಿಹಾಸವಿತ್ತು. ಅದೇ 2012ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾದ ರೆಸಿಸ್ಟೆನ್ಸಿಯಾ ಎಂಬ ಊರಿನಲ್ಲಿ ಇವೇ ಎರಡು ತಂಡಗಳು ಆಡಲು ಇಳಿದಾಗ ಕ್ರೀಡಾಂಗಣದ ದೀಪಗಳು ಕೈಕೊಟ್ಟು ಪಂದ್ಯವೇ ರದ್ದಾಯಿತು. ಮುಂದಿನ ತಿಂಗಳು ಬ್ಯೂನಸ್ ಐರಿಸ್‌ನಲ್ಲಿ ಆಡಿದಾಗ ಕೊನೆಗೆ ಪೆನಾಲ್ಟಿಯಲ್ಲಿ ಕಪ್ ಬ್ರೆಜಿಲ್ ಪಾಲಾಯಿತು. ದೀಪ ಹೋದದ್ದರಿಂದ ನಮಗೆ ಒಳ್ಳೆಯದಾದ ಉದಾಹರಣೆ ಇದೆ ಎಂದು ಬಲಗಡೆಯವರೆಲ್ಲ ಗೆಲುವಾದರು.

ನನಗೂ ಒಂದು ದಾರಿ ಹೊಳೆಯಿತು. ಕತ್ತಲಲ್ಲಿ ಅಳಿಯನ ಕಿವಿಯ ಹತ್ತಿರ ಬಾಗಿ, ಗೊತ್ತಿರುವ ಪಂದ್ಯಕ್ಕೆ ಗೊತ್ತಿಲ್ಲದ ಮುದುಕರ ಜೊತೆ ಬಾಜಿ ಕಟ್ಟುವುದು ನಮ್ಮ ಮನೆತನಕ್ಕೆ ಶೋಭೆಯಲ್ಲ, ಈಗ 3-3 ಆಗಿದೆ, ಬಾಜಿ ಬಿಟ್ಟುಬಿಡಿ ಎಂದೆ. ಅವರಿಗೂ ಮುಜುಗರವಾಗಿತ್ತು ಎಂದು ಕಾಣುತ್ತದೆ. ಎದ್ದು ಮುಂದೆ ಹೋಗಿ, “ಅಜ್ಜ, ಸಮ ಆಗಿದೆ. ಬಾಜಿ ಬೇಡ, ಬಿಟ್ಟುಬಿಡೋಣ” ಎಂದರು. ಅಜ್ಜ ಬಲ್ಬಿನ ಬೆಳಕಿನಲ್ಲಿ ಅವರನ್ನು ಮೇಲಿಂದ ಕೆಳಗೆ ನೋಡಿ, “ಕಟ್ಟಿದ ಬಾಜಿ ಕಟ್ಟಿದ್ದೇ. ಪಂದ್ಯ ಮುಗಿಯದೆ ಏಳುವ ಗಂಡಸು ನಾನಲ್ಲ” ಎಂದರು. ಶೆಡ್ಡು ಮೌನವಾಯಿತು. ಗಿರಣಿಯ ಕಾಲದ ಜನ ಎಂದರೆ ಹೀಗೆ, ಸೋತರೂ ಮಾತಿಗೆ ತಪ್ಪದವರು ಎಂದು ನಾನು ಪಕ್ಕದವನಿಗೆ ಹೇಳಿದೆ. ವೆಲ್ಡಿಂಗ್‌ನವನು ಕೆಮ್ಮಿದ.

ಕರೆಂಟ್ ಬಂತು. ಪ್ರೊಜೆಕ್ಟರ್ ಒಂದೆರಡು ಸಲ ಮುನಿಸಿಕೊಂಡು ಹೊತ್ತಿಕೊಂಡಿತು. 85ನೇ ನಿಮಿಷ. ಮೆಸ್ಸಿ ಬಲಬದಿಯಿಂದ ಒಳಗೆ ಓಡುತ್ತ ಬಂದು, ಪೆನಾಲ್ಟಿ ಆವರಣದ ಹೊರಗಿನಿಂದಲೇ ಎಡಗಾಲಿನಲ್ಲಿ ಬೀಸಿದರು. ಚೆಂಡು ಪರದೆಯ ಹೊಲಿಗೆಯ ಹತ್ತಿರ ಬಿರಿದಂತಾಗಿ, ಮತ್ತೆ ದುಂಡಗಾಗಿ, ಬಾಗುತ್ತ ಹೋಗಿ ಗೋಲಿನ ಮೇಲಿನ ಮೂಲೆಗೆ ಬಿತ್ತು. ಬ್ರೆಜಿಲ್ ಗೋಲ್‌ಕೀಪರ್ ರಫೇಲ್ ಹಾರಿದರು, ಕೈಗೆಟುಕಲಿಲ್ಲ. ಇದನ್ನು ಹತ್ತು ಸಲವಾದರೂ ನೋಡಿದ್ದೇನೆ. ಪ್ರತಿ ಸಲವೂ ಈ ಸಲ ತಡೆದುಬಿಡುತ್ತಾರೇನೋ ಅನ್ನಿಸುತ್ತದೆ. ಆ ಚೆಂಡು ಹೋಗುವ ದಾರಿಯನ್ನು ನೋಡಿದರೆ ಎದುರಾಳಿಯಾದರೂ ಬೈಯಲು ಮನಸ್ಸು ಬಾರದು. ಅಳಿಯ ಈ ಸಲ ಮರ್ಯಾದೆ ಮರೆತು ಬೆಂಚು ಹತ್ತಿದರು. ನಾನು ತಲೆ ತಗ್ಗಿಸಿದೆ. ಆಗ ಕಣ್ಣಿಗೆ ಬಿದ್ದದ್ದು ಅಜ್ಜನ ಕಾಲು. ಚಪ್ಪಲಿ ಹಾಕಿಕೊಂಡು, ಕೋಲು ಕೈಗೆ ತೆಗೆದುಕೊಂಡು, ಟವೆಲ್ ಕೊಡವಿ ತಯಾರಾಗಿ ಕುಳಿತಿದ್ದರು. ಗೋಲಾದ ಮೇಲೆ ಹಾಕಿಕೊಂಡದ್ದಲ್ಲ. ಅಷ್ಟು ಬೇಗ ಆ ವಯಸ್ಸಿನವರು ಬಗ್ಗಿ ಚಪ್ಪಲಿ ಹುಡುಕಿ ಹಾಕಿಕೊಳ್ಳಲಾಗದು.

ಲೆಕ್ಕಕ್ಕೆ ಬರೋಣ. ನಮ್ಮ ಲೆಕ್ಕ: ಒಂದು ನರ್ಗಿಸ್, ಒಂದು ಒಗ್ಗರಣೆ, ಹನ್ನೊಂದು ಮೆಣಸಿನಕಾಯಿ, ನಾಲ್ಕು ಚಹಾ. 201 ರೂಪಾಯಿ ಎಂದು ಮನಸ್ಸಿನಲ್ಲೇ ಕೂಡಿಸಿಕೊಂಡು ಹೋಗಿದ್ದೆ. ಮಾಲೀಕ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳನ್ನು ಎಣಿಸಿ 217 ಎಂದ. ಹದಿಮೂರು ಮೆಣಸಿನಕಾಯಿಯಂತೆ. ಮೂವತ್ತೊಂದು ವರ್ಷ ಖಾತೆ ಬರೆದವನ ಮುಂದೆ 16 ರೂಪಾಯಿ ಹೆಚ್ಚು ತೋರಿಸುವುದು ಸಣ್ಣ ಮಾತಲ್ಲ. ಹನ್ನೊಂದೇ, ನಾನೇ ಎಣಿಸಿದ್ದೇನೆ, ಬಾಜಿಯ ಎರಡು ಬಜ್ಜಿ ಅಜ್ಜ ಕೊಡಬೇಕಾದದ್ದು, ಅದೂ ನಮ್ಮ ಅಳಿಯ ಇನ್ನೂ ತಿಂದಿಲ್ಲ ಎಂದೆ. ಮಾಲೀಕ ಬಾಗಿಲಿನ ಪಕ್ಕದ ಗೋಡೆಯನ್ನು ತೋರಿಸಿದ. ಮಸಿಯಲ್ಲಿ ಮುಚ್ಚಿಹೋದ ನಾಲ್ಕು ಸಾಲು: ಫಲಿತಾಂಶ ಗೊತ್ತಿದ್ದವರು ಗೊತ್ತಿಲ್ಲದವರ ಜೊತೆ ಬಾಜಿ ಕಟ್ಟಿದರೆ, ಗೆದ್ದರೂ ಬಾಜಿಯ ಹಣ ಅವರೇ ಕೊಡತಕ್ಕದ್ದು, ತಿಂಡಿ ಗೊತ್ತಿಲ್ಲದವರಿಗೆ ಸಲ್ಲತಕ್ಕದ್ದು. ನಿಯಮ ಎಷ್ಟು ನ್ಯಾಯವಾಗಿತ್ತೆಂದರೆ ಎದುರು ಮಾತನಾಡಲು ನನಗೆ ಬಾಯಿ ಬರಲಿಲ್ಲ. ಹೊರಗೆ ನೋಡಿದರೆ ಅಜ್ಜ ಕಾಗದದಲ್ಲಿ ಸುತ್ತಿದ ಎರಡು ಬಿಸಿ ಮೆಣಸಿನಕಾಯಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಗಲ್ಲಿಯ ತಿರುವು ದಾಟುತ್ತಿದ್ದರು.

ಅಳಿಯ ಜೇಬಿಗೆ ಕೈ ಹಾಕಿದರು. ಅಳಿಯನಿಂದ ದುಡ್ಡು ಕೊಡಿಸಿದೆ ಎಂದು ಮನೆಯಲ್ಲಿ ಗೊತ್ತಾದರೆ ನನಗೆ ರಾತ್ರಿಯ ಊಟವಿಲ್ಲ. ನಾನೇ ಕೊಟ್ಟೆ. ಅಂದರೆ, ಬ್ರೆಜಿಲ್ ಸೋತ ಪಂದ್ಯಕ್ಕೆ, ಬ್ರೆಜಿಲ್ ಗೆಲ್ಲುತ್ತದೆಂದು ಬಾಜಿ ಕಟ್ಟಿದವರ ಬಜ್ಜಿಗೆ, ಅರ್ಜೆಂಟೀನಾ ಗೆಲ್ಲುತ್ತದೆಂದು ಬಾಜಿ ಕಟ್ಟಿದವರ ಪರವಾಗಿ, ಬ್ರೆಜಿಲ್‌ನವನಾದ ನಾನು 16 ರೂಪಾಯಿ ತೆತ್ತೆ. ಈ ಖರ್ಚನ್ನು ಯಾವ ಬಾಬ್ತಿನಲ್ಲಿ ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಚಿಲ್ಲರೆ ಎಣಿಸುತ್ತ ಮಾಲೀಕನನ್ನು ಕೇಳಿದೆ: “ಅಜ್ಜ ಬಹಳ ದಿನದಿಂದ ಬರುತ್ತಾರಾ?”

“ಪರದೆ ಕಟ್ಟಿದ ದಿನದಿಂದ” ಎಂದ. “ಬಟ್ಟೆ ಅವರದೇ. ಗಿರಣಿಯಲ್ಲಿದ್ದಾಗಿನದು. ಹೊಲಿದವರೂ ಅವರೇ.”

“ಈ ಪಂದ್ಯವನ್ನು ಮೊದಲೂ ತೋರಿಸಿದ್ದೀರಾ?”

ಮಾಲೀಕ ಸೀಮೆಸುಣ್ಣದ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದರಲ್ಲಿ ಮಗ್ನನಾದ. ಬಾಣಲೆಯ ಮುಂದಿದ್ದ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹೋಗುವವರಿಗೆ ಇನ್ನಷ್ಟು ವಿವರ. ಸ್ಕೂಟರನ್ನು ಗಲ್ಲಿಯ ಬಾಯಿಯಲ್ಲೇ ನಿಲ್ಲಿಸಿ, ಒಳಗೆ ತಿರುಗಿಸಲು ಜಾಗವಿಲ್ಲ. ಬಲಗಡೆಯ ಮೂರನೆಯ ಬೆಂಚಿನಲ್ಲಿ ಮೊಳೆ ಎದ್ದಿದೆ. ನನ್ನ ಪ್ಯಾಂಟು ಅದಕ್ಕೆ ಸಾಕ್ಷಿ. ಕೈ ತೊಳೆಯಲು ಡ್ರಮ್ಮಿನ ನೀರು, ಸೋಪು ಇಲ್ಲ. ಮೆಣಸಿನಕಾಯಿ ತಿಂದ ಕೈಯಿಂದ ಕಣ್ಣು ಒರೆಸಿಕೊಳ್ಳಬೇಡಿ, ಸೋತ ತಂಡದವರಿಗೆ ಇದು ವಿಶೇಷವಾಗಿ ಅನ್ವಯ. ಹೆಂಗಸರಿಗೆ ಪ್ರತ್ಯೇಕ ಬೆಂಚು ಎಂದೇನೂ ಇಲ್ಲ, ಆದರೆ ಅಂದು ನರ್ಸಿಂಗ್ ಓದುವ ನಾಲ್ಕು ಹೆಣ್ಣುಮಕ್ಕಳು ಎಡಗಡೆ ನಡುವೆಯೇ ಕುಳಿತು ಎಲ್ಲರಿಗಿಂತ ಜೋರಾಗಿ ಕೂಗಿದರು, ಯಾರೂ ತುಟಿ ಎರಡು ಮಾಡಲಿಲ್ಲ. ಐದಕ್ಕೆ ಎಷ್ಟು ಕೊಡುತ್ತೀರಿ ಎಂದರೆ, ಮೆಣಸಿನಕಾಯಿಗೆ ಐದು, ನರ್ಗಿಸ್‌ಗೆ ನಾಲ್ಕು, ಚಹಾಕ್ಕೆ ಒಂದು, ಪರದೆಗೆ ಹೊಲಿಗೆ ಸಹಿತ ನಾಲ್ಕು.

ಮುಂದಿನ ಭಾನುವಾರದ ಪಂದ್ಯ 2014ರ ಅಕ್ಟೋಬರ್‌ನದು, ಬೀಜಿಂಗ್‌ನಲ್ಲಿ ಹೊಗೆ ಮಂಜಿನ ನಡುವೆ ಆಡಿದ್ದು. ಡಿಯೆಗೊ ತಾರ್ಡೆಲ್ಲಿಯ ಎರಡು ಗೋಲು, ಬ್ರೆಜಿಲ್‌ಗೆ 2-0 ಗೆಲುವು, ಮೆಸ್ಸಿಯ ಪೆನಾಲ್ಟಿಯನ್ನು ಜೆಫರ್ಸನ್ ತಡೆದದ್ದು ಬೇರೆ. ಅಳಿಯನಿಗೆ ಫೋನ್ ಮಾಡಿ ಬರಲೇಬೇಕು ಎಂದೆ. ಆ ಭಾನುವಾರ ಭದ್ರಾವತಿಯಲ್ಲಿ ಯಾರದೋ ನಾಮಕರಣವಿದೆಯಂತೆ. ಯಾರದು ಎಂದು ಮಗಳನ್ನು ಕೇಳಿದರೆ ಅವಳಿಗೆ ಗೊತ್ತಿಲ್ಲ.

ನಿನ್ನೆ ಸಂಜೆ ಸೊಪ್ಪು ತರಲು ಹೋದಾಗ ಅಜ್ಜ ಸಿಕ್ಕಿದರು. ಮೆಂತ್ಯದ ಕಟ್ಟನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದವರು ನನ್ನನ್ನು ಕಂಡು ಗುರುತು ಹಿಡಿದರು.

“ನಿಮ್ಮ ಅಳಿಯಂದಿರು ಬರುತ್ತಾರೇನಪ್ಪ ಈ ವಾರ?” ಎಂದರು.

“ಇಲ್ಲ ಅಜ್ಜ, ನಾನೊಬ್ಬನೇ.”

“ಬಾ. ಮುಂದೆಯೇ ಕೂರುವೆಯಂತೆ.” ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಎರಡು ಹೆಜ್ಜೆ ಹೋಗಿ ನಿಂತರು. “ಯಾಕೋ ಈ ಸಲ ನೀಲಿ ಪಟ್ಟೆಯವರೇ ಗೆಲ್ಲುತ್ತಾರೆ ಅನ್ನಿಸುತ್ತಿದೆ ನನಗೆ.”